ಸಹಾಯ ಬೇಕು: ಒಂದು ಇಂಚು ಮಳೆ ಅಂತ ಅಪ್ಪನಿಗೆ ‘ಗೊತ್ತಿತ್ತಾ’?

ನಮಸ್ಕಾರ. ವಿರಾಜಪೇಟೆ ಹತ್ತಿರ ನಮ್ಮ ಕಾಫಿ ತೋಟ. ಫಿಲಾಸಫಿ ಪರೀಕ್ಷೆಗೆ ಓದುತ್ತಾ ಎಡ್ಮಂಡ್ ಗೆಟ್ಟಿಯರ್ ಅನ್ನೋ ಅಮೆರಿಕದ ತತ್ವಜ್ಞಾನಿ ಹತ್ರ ಸಿಕ್ಕಿಕೊಂಡಿದ್ದೇನೆ. 1963ರಲ್ಲಿ ಅವರು ಬರೆದದ್ದು ಬರೀ ಮೂರು ಪುಟ. ನಂಬಿಕೆ ನಿಜವಾಗಿದ್ದು, ನಂಬೋಕೆ ಒಳ್ಳೆ ಕಾರಣ ಇದ್ದರೂ ‘ಗೊತ್ತು’ ಅನ್ನೋಕಾಗದೇ ಇರಬಹುದು ಅಂತ. ಅಷ್ಟು ಅರ್ಥವಾಯಿತು, ಯಾಕಂದ್ರೆ ನಮ್ಮ ಅಂಗಳದಲ್ಲೇ ಅದು ನಡೆದಿದೆ.

ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಮಳೆ ಮಾಪಕ ನೋಡಿ ಅಪ್ಪ ‘ಒಂದು ಇಂಚು ಹೂಮಳೆ’ (ಕಾಫಿ ಹೂ ಅರಳಿಸೋ ಮಳೆ) ಅಂದರು. ಆಮೇಲೆ ನೋಡಿದರೆ ಆಲಿಕೆಗೆ ಒದ್ದೆ ಸಿಲ್ವರ್ ಓಕ್ ಮರದ ಎಲೆ ಅಂಟಿ ಪೂರ್ತಿ ಮುಚ್ಚಿತ್ತು, ಒಳಗಿದ್ದದ್ದು ಹಿಂದಿನ ದಿನದ ಸ್ಪ್ರಿಂಕ್ಲರ್ ನೀರು. ಆದರೆ ಪಕ್ಕದ ತೋಟದಲ್ಲಿ ಅಳೆದಾಗ ಮಳೆ ಸರಿಯಾಗಿ ಒಂದೇ ಇಂಚು! ಅಂದರೆ ಅಪ್ಪ ಹೇಳಿದ್ದು ನಿಜವೇ.

ಇದಕ್ಕೆ ಒಂದು ಪರಿಹಾರ ಓದಿದೆ: ‘ಗೊತ್ತು’ ಅನ್ನಬೇಕಾದರೆ ಆ ನಂಬಿಕೆ ಯಾವುದೇ ಸುಳ್ಳು ನಂಬಿಕೆಯ ಮೇಲೆ ನಿಂತಿರಬಾರದು. ಮೂರು ಸಲ ಓದಿದೆ, ಮೇಷ್ಟ್ರನ್ನೂ ಕೇಳಿದೆ, ಬಗೆಹರಿಯಲಿಲ್ಲ. ‘ಈ ನೀರು ಮಳೆಯದ್ದೇ’ ಅಂತ ಅಪ್ಪ ಮನಸ್ಸಲ್ಲಿ ಹೇಳಿಕೊಂಡೇ ಇಲ್ಲ, ಸುಮ್ನೆ ನೋಡಿದರು, ಹೇಳಿದರು, ಅಷ್ಟೇ. ಅದನ್ನೂ ನಂಬಿಕೆ ಅಂತ ಲೆಕ್ಕ ಹಿಡಿದರೆ ನಮಗೆಲ್ಲ ಇಂಥ ಸಾವಿರ ನಂಬಿಕೆ ಇರಬೇಕು, ಅಲ್ವಾ? ಹಿಡಿಯದಿದ್ದರೆ ಅಪ್ಪನಿಗೆ ಗೊತ್ತಿತ್ತು ಅಂತಾಗುತ್ತದೆ, ಅದು ನನಗೆ ಒಪ್ಪಿಗೆಯಾಗುತ್ತಿಲ್ಲ.

ಮನಸ್ಸಿಗೆ ಬಾರದೆ ಒಪ್ಪಿಕೊಂಡ ಇಂಥ ವಿಷಯವೂ ಆ ಪರಿಹಾರದ ಪ್ರಕಾರ ‘ಸುಳ್ಳು ನಂಬಿಕೆ’ ಆಗುತ್ತದಾ, ಇಲ್ವಾ? ಯಾಕೆ ಅಂತ ತಿಳಿದವರು ದಯವಿಟ್ಟು ಹೇಳಿ.