ಬೆಂಗಳೂರಿಂದ ಶಿರಸಿಗೆ ಬಂಪರ್, ಬಾನೆಟ್, ಡೋರ್, ಗೇರ್‌ಬಾಕ್ಸ್: ಕಡಿಮೆ ಖರ್ಚಲ್ಲಿ ತರಿಸೋದು ಹೇಗೆ?

ಶಿರಸಿ ಸ್ವಿಫ್ಟ್:
ಸ್ವಿಫ್ಟ್‌ಗೆ ಮುಂದಿನ ಬಂಪರ್, ಬಾನೆಟ್, ಎಡಗಡೆ ಮುಂದಿನ ಡೋರ್, ಒಂದು ಗೇರ್‌ಬಾಕ್ಸ್ ಬೇಕು. ನಾಲ್ಕೂ ಸೆಕೆಂಡ್ ಹ್ಯಾಂಡ್, ಬೆಂಗಳೂರಿನ ಒಂದೇ ಅಂಗಡಿಯಲ್ಲಿವೆ, ಒಟ್ಟು 34,000 ರೂ. ಕೊರಿಯರ್‌ನವರು ಬಂಪರ್ ಒಂದಕ್ಕೇ 77 ಕೆಜಿ ಲೆಕ್ಕ ಹಾಕಿದ್ದಾರೆ, ಒಂದು ಕೈಲಿ ಎತ್ತೋ ಸಾಮಾನಿಗೆ! ಲಾರಿ, ಬಸ್, ರೈಲು ಯಾವುದು ಒಳ್ಳೇದು? ಡೋರ್‌ಗೆ ಗ್ಲಾಸ್ ಇದೆ. ಬಾನೆಟ್‌ಗೆ ಅಂಗಡಿಯವರೇ ಪೇಂಟ್ ಹೊಡೆದು ಕೊಡ್ತೀನಿ ಅಂತಿದ್ದಾರೆ.

ಕಲಾಸಿಪಾಳ್ಯ ಲೋಡ್:
77 ಎಲ್ಲಿಂದ ಬಂತು ಅಂದ್ರೆ, ಉದ್ದ × ಅಗಲ × ಎತ್ತರ ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸ್ತಾರೆ. 170 × 50 × 45 ಆದರೆ 76.5. ಅಸಲು ತೂಕ, ಈ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್. ಬಂಪರ್ ಅಂದ್ರೆ ಗಾಳಿ ತುಂಬಿದ ಡಬ್ಬ, ನೀವು ಆ ಗಾಳಿಗೂ ದುಡ್ಡು ಕೊಡ್ತಿದ್ದೀರಿ.

ಕೊರಿಯರ್ ಕಂಪನಿಗಳ ರಸ್ತೆ ಸರ್ವಿಸ್ ಕೇಳಿದರೆ ಇನ್ನೊಂದು ಲೆಕ್ಕ ಬರುತ್ತೆ: ಅದೇ ಉದ್ದ × ಅಗಲ × ಎತ್ತರವನ್ನು 27000ದಿಂದ ಭಾಗಿಸಿ ಸಿಎಫ್‌ಟಿ (ಘನ ಅಡಿ), ಅದಕ್ಕೆ 6, 8 ಅಥವಾ 10ರಿಂದ ಗುಣಾಕಾರ. ಅದೇ ಬಂಪರ್ 85 ಕೆಜಿ, 113 ಕೆಜಿ, 142 ಕೆಜಿ ಆಗುತ್ತೆ. ಕೆಜಿ ರೇಟ್ ಕಡಿಮೆ ಅಂತ ಖುಷಿಪಟ್ಟು ಬುಕ್ ಮಾಡೋಕೆ ಮುಂಚೆ "ಸಿಎಫ್‌ಟಿಗೆ ಎಷ್ಟು ಕೆಜಿ ಹಿಡೀತೀರಿ, ಕನಿಷ್ಠ ತೂಕ ಎಷ್ಟು" ಅಂತ ಎರಡೂ ಕೇಳಿ.

ನಿಮ್ಮ ಸಾಮಾನಿಗೆ ಸರಿಹೋಗೋದು ಹಳೇ ಪದ್ಧತಿಯ ಲಾರಿ ಪಾರ್ಸಲ್ ಆಫೀಸು. ಅಲ್ಲಿ ಸಾಮಾನ್ಯವಾಗಿ ನಗದ ಲೆಕ್ಕ, ಅಂದ್ರೆ ಒಂದೊಂದು ಸಾಮಾನಿಗೆ ಇಷ್ಟು ಅಂತ. ಕ್ಲರ್ಕ್ ಕಣ್ಣಲ್ಲೇ ಅಳೆದು ರೇಟ್ ಹೇಳ್ತಾನೆ, ಚೌಕಾಸಿಗೂ ಜಾಗ ಇದೆ. ನಾಲ್ಕನ್ನೂ ಒಂದೇ ಎಲ್‌ಆರ್‌ನಲ್ಲಿ (ಲಾರಿ ರಸೀದಿ) ಹಾಕಿಸಿ. ಬೇರೆಬೇರೆ ಮಾಡಿದರೆ ಎಲ್‌ಆರ್ ಚಾರ್ಜು, ಕನಿಷ್ಠ ಬಾಡಿಗೆ ನಾಲ್ಕು ಸಲ ಬೀಳುತ್ತೆ. "4 ನಗ" ಅಂತ ಬರೆದಿರಬೇಕು; "ಆಟೋ ಪಾರ್ಟ್ಸ್" ಅಂತಷ್ಟೇ ಇದ್ದರೆ ಒಂದು ನಗ ಕಾಣೆಯಾದಾಗ ನಿಮ್ಮ ಕೈಲಿ ಆಧಾರ ಇರಲ್ಲ. ಮನೆ ಬಾಗಿಲಿಗೆ ಡೆಲಿವರಿ ಬೇಡ, ಗೋಡೌನ್ ಡೆಲಿವರಿ (ಅವರ ಗೋಡೌನ್‌ಗೆ ಹೋಗಿ ಬಿಡಿಸಿಕೊಳ್ಳೋದು) ತಗೊಳ್ಳಿ. ಊರೊಳಗೆ ಒಂದು ಗೂಡ್ಸ್ ಆಟೋ ಸಾಕು. ಹಮಾಲಿ ಎರಡೂ ಕಡೆ ಬೇರೆ, ಅದನ್ನೂ ಸೇರಿಸಿ ಹೋಲಿಸಿ.

ಬಸ್‌ನಲ್ಲಿ ಗೇರ್‌ಬಾಕ್ಸ್ ಆರಾಮಾಗಿ ಬರುತ್ತೆ. ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋ ಅಥವಾ ಖಾಸಗಿ ಬಸ್ಸಿನ ಡಿಕ್ಕಿ, ಯಾವುದಾದರೂ ಸರಿ. ಬಾನೆಟ್, ಡೋರ್ ಮಾತ್ರ ಡಿಕ್ಕಿಗೆ ಹಾಕಬೇಡಿ. ಎತ್ತರ ಸಾಲದೆ ಮಲಗಿಸ್ತಾರೆ, ಮೇಲೆ ಅಕ್ಕಿ ಮೂಟೆ ಕೂರುತ್ತೆ. ರೈಲು ಮರೆತುಬಿಡಿ. ಶಿರಸಿಗೆ ರೈಲಿಲ್ಲ, ಹಾವೇರಿಯಲ್ಲಿ ಇಳಿಸಿ ಮತ್ತೆ ಗಾಡಿ ಮಾಡಿದರೆ ಉಳಿತಾಯ ಅಲ್ಲೇ ಮುಗೀತು.

ಟಿಂಕರಿಂಗ್ ಹುಬ್ಬಳ್ಳಿ:
ಬಾನೆಟ್‌ಗೆ ಅಲ್ಲಿ ಪೇಂಟ್ ಹೊಡಿಸ್ಬ್ಯಾಡ್ರಿ. ಹೊಸ ಪೇಂಟ್ ಒಳಗಿನವರೆಗೂ ಗಟ್ಟಿಯಾಗಾಕ ವಾರಗಟ್ಟಲೆ ಬೇಕು. ಅದರ ಮ್ಯಾಲೆ ಬಬಲ್ ಶೀಟ್ ಸುತ್ತಿದ್ರ ಗುಳ್ಳಿ ಗುಳ್ಳಿ ಅಚ್ಚು ಬೀಳ್ತಾವ, ಪಾಲಿಶ್‌ಗೂ ಹೋಗೂದಿಲ್ಲ. ಹೆಂಗೂ ನಿಮ್ಮ ಗಾಡಿ ಬಣ್ಣಕ್ಕ ಶೇಡ್ ಕೂಡಿಸೂದು ಗಾಡಿ ಮುಂದ ಇದ್ದಾಗ್ಲೇ ಸರಿ.

ಪ್ಯಾಕಿಂಗ್ ಹಿಂಗ ಮಾಡಸ್ರಿ.

ಬಂಪರ್: ಫಾಗ್ ಲ್ಯಾಂಪ್, ಗ್ರಿಲ್ ಬಿಚ್ಚಿ ಬ್ಯಾರೆ ಡಬ್ಬಿಗೆ (ಅದೂ ಒಂದು ನಗ, ಎಲ್‌ಆರ್ ಲೆಕ್ಕಕ್ಕ ಸೇರಿಸ್ರಿ). ಎರಡು ತುದಿ ನಡುವ ಒಂದು ಕಟ್ಟಿಗಿ ರೀಪರ್ ಅಡ್ಡ ಕೊಟ್ಟು ಕಟ್ಟಬೇಕು. ಇಲ್ಲಂದ್ರ ಬಿಸಿಲಿಗೆ ಮೆತ್ತಗಾಗಿ, ಭಾರ ಬಿದ್ದ ಕಡೆ ಬಾಯಿ ಅಗಲ ಆಗ್ತದ, ಫೆಂಡರ್ ಹತ್ರ ಗ್ಯಾಪ್ ಕೂಡೂದೇ ಇಲ್ಲ. ಒಡಿಯೂದು ಹೆಚ್ಚಾಗಿ ತುದಿಯ ಲಾಕ್‌ಗಳು. ಅಲ್ಲಿ ಫೋಮ್ ಸುತ್ತಿ ಟೇಪ್ ಹಚ್ರಿ. ಪೂರಾ ಡಬ್ಬಿ ಮಾಡಬ್ಯಾಡ್ರಿ, ಪಾರದರ್ಶಕ ಸ್ಟ್ರೆಚ್ ಫಿಲ್ಮ್ ಸಾಕು. ಬಂಪರ್ ಅಂತ ಕಣ್ಣಿಗೆ ಕಂಡ್ರ ಹಮಾಲರು ಮ್ಯಾಲೆ ಸಾಮಾನ ಇಡೂದಿಲ್ಲ. ಡಬ್ಬಿ ಆದ್ರ ಅದು ಸ್ಟೂಲ್ ಆಗ್ತದ. "ಫ್ರಜೈಲ್" ಸ್ಟಿಕರ್ ಯಾರೂ ಓದೂದಿಲ್ರಿ.

ಡೋರ್: ಗ್ಲಾಸ್ ಪೂರಾ ಕೆಳಗ ಇಳಿಸಿ, ಪವರ್ ವಿಂಡೋ ಇದ್ರ 12 ವೋಲ್ಟ್ ಬ್ಯಾಟರಿ ಹಚ್ಚಿ ಇಳಿಸಾಕ ಹೇಳ್ರಿ. ಮಿರರ್ ಬಿಚ್ಚಬೇಕು. ಹಿಂಜ್ ಮತ್ತ ಕೆಳಗಿನ ಮೂಲಿಗೆ ದಪ್ಪ ರಟ್ಟು, ಯಾಕಂದ್ರ ನೆಲಕ್ಕ ಕುಕ್ಕೂದು ಅದೇ ಮೂಲಿ. ಬಾನೆಟ್, ಡೋರ್ ಎರಡೂ ನಿಲ್ಲಿಸೇ ಒಯ್ಯಬೇಕು.

ಗೇರ್‌ಬಾಕ್ಸ್: ಆಯಿಲ್ ಪೂರಾ ಬಸಿದು ಪ್ಲಗ್ ವಾಪಸ್ ಬಿಗೀರಿ. ಆಯಿಲ್ ಸೋರಿ ಬ್ಯಾರೆಯವರ ಬಟ್ಟೆ ಬೇಲ್‌ಗೆ ತಾಗಿದ್ರ ಅದರ ದುಡ್ಡು ನಿಮ್ಮ ತಲಿಗೆ. ಆಕ್ಸಲ್ ತೂತಿಗೆ ಅರಿವಿ ತುರುಕಿ ಟೇಪ್. ಹಳೇ ಟೈರ್ ಒಳಗ ಬೆಲ್‌ಹೌಸಿಂಗ್ (ಇಂಜಿನ್‌ಗೆ ಕೂಡೂ ಅಗಲ ಕಡೆ) ಬಾಯಿ ಕೆಳಗ ಮಾಡಿ ಕೂಡಿಸಿ, ನೈಲಾನ್ ಹಗ್ಗದಿಂದ ಬಿಗೀರಿ. ಮೌಂಟಿಂಗ್ ಕಿವಿ (ಬೋಲ್ಟ್ ಹಾಕೂ ತುದಿ) ಟೈರ್‌ನಿಂದ ಹೊರಗ ಇರಬಾರದು. ಅಲ್ಯೂಮಿನಿಯಂ ಕಿವಿ ಮುರಿದ್ರ ವೆಲ್ಡ್ ಮಾಡಿದ್ರೂ ನಂಬೂ ಹಂಗಿಲ್ಲ.

ಎಲ್‌ಆರ್ ಕಾಪಿ:
ಮೇಲಿನವರು ಬಿಟ್ಟ ಕಾಗದದ ವಿಷಯ. ಸರಕಿನ ಮೌಲ್ಯ ತೆರಿಗೆ ಸೇರಿ 50,000 ದಾಟಿದರೆ ಇ-ವೇ ಬಿಲ್ (ಸರಕು ಸಾಗಿಸಲು ಆನ್‌ಲೈನ್‌ನಲ್ಲಿ ಮಾಡುವ ಜಿಎಸ್‌ಟಿ ಪತ್ರ) ಬೇಕು. ನಿಮ್ಮದು 34,000, ಬೇಡ. ಆದರೆ ಜಿಎಸ್‌ಟಿ ಇರುವ ಪಕ್ಕಾ ಬಿಲ್ ಇರಲೇಬೇಕು. ಬಿಡಿಭಾಗಗಳ ಎಚ್‌ಎಸ್‌ಎನ್ (ತೆರಿಗೆಗಾಗಿ ಸರಕಿನ ಸಂಕೇತ ಸಂಖ್ಯೆ) 8708, 2025ರ ಸೆಪ್ಟೆಂಬರ್ 22ರಿಂದ ತೆರಿಗೆ 18%. ಚೀಟಿಯಲ್ಲಿ ಬರೆದುಕೊಟ್ಟ ಕಚ್ಚಾ ಬಿಲ್ ಇದ್ದರೆ ತಪಾಸಣೆಯಲ್ಲಿ ಗಾಡಿ ಸಮೇತ ನಿಲ್ಲಿಸಬಹುದು. ಗೇರ್‌ಬಾಕ್ಸ್ ಬದಲಿಸಿದರೆ ಆರ್‌ಸಿಗೆ ಸಂಬಂಧವಿಲ್ಲ. ಇಂಜಿನ್ ಆಗಿದ್ದರೆ ನಂಬರನ್ನು ಆರ್‌ಸಿಯಲ್ಲಿ ಬದಲಿಸಬೇಕಾಗಿತ್ತು.

ಇನ್ನೊಂದು, ಹೆಚ್ಚಿನವರಿಗೆ ಗೊತ್ತಿಲ್ಲದ್ದು. ಬುಕ್ ಮಾಡುವಾಗ ಹೆಚ್ಚಿನ ಮೌಲ್ಯ ಘೋಷಿಸಿ ಅದಕ್ಕೆ ತಕ್ಕ ಹೆಚ್ಚುವರಿ ಬಾಡಿಗೆ ಕಟ್ಟದಿದ್ದರೆ, ಹಾನಿಗೆ ಟ್ರಾನ್ಸ್‌ಪೋರ್ಟ್‌ನವರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಬಾಡಿಗೆ 900 ಆದರೆ 9,000ಕ್ಕಿಂತ ಹೆಚ್ಚು ಕೇಳಲಾಗದು. ಕೇಸಿಗೆ ಹೋಗುವುದಾದರೆ ಬುಕ್ ಆದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಗೋಡೌನ್‌ನಲ್ಲೇ ಬಿಚ್ಚಿ ನೋಡಿ, ಹಾನಿ ಇದ್ದರೆ ಡೆಲಿವರಿ ಕಾಪಿಯ ಮೇಲೆ ಬರೆದೇ ಸಹಿ ಮಾಡಿ.

ಶಿರಸಿ ಸ್ವಿಫ್ಟ್:
ತುಂಬಾ ಥ್ಯಾಂಕ್ಸ್. ಪೇಂಟ್ ಬೇಡ ಅಂತ ಹೇಳಿದೆ. ಬಾಡಿಗೆ ಪೇಯ್ಡ್ (ಬುಕಿಂಗ್‌ನಲ್ಲೇ ಕಟ್ಟೋದು) ಮಾಡಿಸ್ಲಾ, ಟು ಪೇ (ಸಾಮಾನು ಬಿಡಿಸಿಕೊಳ್ಳುವಾಗ ಕಟ್ಟೋದು) ಮಾಡಿಸ್ಲಾ? ಲಾರಿಯವರು ಜಾಸ್ತಿ ಹೇಳಿದರೆ ಬಾನೆಟ್ ಒಂದನ್ನು ಕೊರಿಯರ್‌ಗೆ ಹಾಕಬಹುದಾ?

ಕಲಾಸಿಪಾಳ್ಯ ಲೋಡ್:
ಟು ಪೇ ಮಾಡಿಸಿ, ಆದರೆ ಬುಕಿಂಗ್ ಹೊತ್ತಿಗೇ ಮೊತ್ತ ಎಲ್‌ಆರ್ ಮೇಲೆ ಬರೆಸಿ ಫೋಟೋ ತರಿಸಿಕೊಳ್ಳಿ. ಖಾಲಿ ಬಿಟ್ಟರೆ ಶಿರಸಿಯಲ್ಲಿ ಹೇಳಿದ್ದೇ ರೇಟು.

ಬಾನೆಟ್ ಕೊರಿಯರ್‌ಗೆ ಹಾಕೋದೇ ಆದ್ರೆ ಪ್ಯಾಕಿಂಗ್ ದಪ್ಪ ನೋಡ್ಕೊಳ್ಳಿ. 150 × 125ರ ಮೈಗೆ ದಪ್ಪ 1 ಸೆಂ.ಮೀ. ಹೆಚ್ಚಾದರೆ 3.75 ಕೆಜಿ ಬಿಲ್ ಏರುತ್ತೆ. 20 ಸೆಂ.ಮೀ. ಆದರೆ 75 ಕೆಜಿ, 12ಕ್ಕೆ ಇಳಿಸಿದರೆ 45. ಥರ್ಮೋಕೋಲ್ ಅಂಚಿಗೆ ಮಾತ್ರ, ಮಧ್ಯಕ್ಕೆ ತೆಳು ಫೋಮ್ ಶೀಟ್ ಸಾಕು.