ಮೊದಲು ನೀವು ಏಳಬೇಡಿ

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಹರಿಹರದ ಮಗಳು ಗ್ರೂಪಿಗೆ ಹಾಕಿದ ಪ್ರಶ್ನೆ ಈಗ ನೋಡಿದೆ. ಬರೋ ಭಾನುವಾರ ದಾವಣಗೆರೆಯಲ್ಲಿ ಪುಟ್ಟಿಯ ನಾಟಕ ಇದೆ. ಮುಗಿದ ಮೇಲೆ ನಾವೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯಬೇಕಾ, ಯಾರೂ ಏಳದೇ ಹೋದರೆ ಮಗು ಬೇಜಾರು ಮಾಡಿಕೊಳ್ಳುತ್ತಾ, ಮುಂದಿನ ಸಾಲಲ್ಲಿ ಮನೆಯವರೇ ಇರೋದರಿಂದ ನಾವೇ ಶುರು ಮಾಡಬೇಕಾ ಅಂತ ಕೇಳಿದ್ದಾಳೆ. ರಾತ್ರಿ ನಿದ್ದೆ ಬರಲಿಲ್ಲವಂತೆ ಪಾಪ. ನೀವೆಲ್ಲ ಅದಕ್ಕೆ ಹೆಬ್ಬೆರಳು ಒತ್ತಿದ್ದೀರಿ, ಕೈ ಮುಗಿದಿದ್ದೀರಿ. ಉತ್ತರ ಒಬ್ಬರೂ ಕೊಟ್ಟಿಲ್ಲ. ಇರಲಿ, ನಾನೇ ಹೇಳುತ್ತೇನೆ. ಟೈಪ್ ಮಾಡೋಕೆ ಕಣ್ಣು ಕೇಳಲ್ಲ. ಮಾತಾಡುತ್ತಿದ್ದೇನೆ, ಫೋನು ಬರೆದುಕೊಳ್ಳುತ್ತಿದೆ. ತಪ್ಪಿದ್ದರೆ ಅದರದ್ದು.

ನೋಡವ್ವ, ಮೊದಲು ನೀವು ಏಳಬೇಡಿ. ಮುಂದಿನ ಸಾಲಲ್ಲಿ ಕೂತವರಂತೂ ಮೊದಲು ಏಳಲೇಬೇಡಿ.

ನಮ್ಮ ಮನೆಗೆ ನಾಟಕ ಹೊಸದಲ್ಲ. ನಿಮ್ಮಜ್ಜ ಕಾಲ್ಪೆಟ್ಟಿಗೆ, ಅದೇ ಕಾಲಲ್ಲಿ ತುಳಿಯೋ ಹಾರ್ಮೋನಿಯಂ, ನುಡಿಸುತ್ತಿದ್ದದ್ದು, ಜಗಳೂರು ಚಿಕ್ಕಪ್ಪ ಯಾವ ನಾಟಕ ಆದರೂ ನನಗೆ ಸಾಹುಕಾರನ ಪಾರ್ಟೇ ಬೇಕು ಅಂತ ಹಟ ಹಿಡಿಯುತ್ತಿದ್ದದ್ದು ಎಲ್ಲರಿಗೂ ಗೊತ್ತು. ನಾನು ಬಣ್ಣ ಹಚ್ಚಿದವನಲ್ಲ. ಸೈಡ್ ವಿಂಗಿನಲ್ಲಿ ನಿಂತು, ಒಂದು ಕೈಯಲ್ಲಿ ಪುಸ್ತಕ ಒಂದು ಕೈಯಲ್ಲಿ ಬ್ಯಾಟರಿ ಹಿಡಿದು, ಮಾತು ಮರೆತವರಿಗೆ ಎತ್ತಿಕೊಡುತ್ತಿದ್ದೆ. ಜನ ನಾಟಕ ನೋಡುತ್ತಿದ್ದರೆ ನಾನು ಪಾರ್ಟಿನವರನ್ನೂ ನೋಡುತ್ತಿದ್ದೆ, ಜನರನ್ನೂ ನೋಡುತ್ತಿದ್ದೆ.

ಆಗೆಲ್ಲ ಈ ಎದ್ದು ನಿಲ್ಲೋ ಪದ್ಧತಿ ನಮ್ಮ ಕಡೆ ಇರಲಿಲ್ಲ. ನಾಟಕದ ನಟಿ ಚಿಂದೋಡಿ ಲೀಲಾ ನಮ್ಮ ದಾವಣಗೆರೆಯವರೇ ಅಲ್ವಾ, 1988ರಲ್ಲಿ ಪದ್ಮಶ್ರೀ ಬಂತು. ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಟೆಂಟಿನಲ್ಲಿ ಕೂತು ನಾವು ಶಿಳ್ಳೆ ಹೊಡೆದಿದ್ದೇವೆ, ಅತ್ತಿದ್ದೇವೆ. ಎದ್ದು ನಿಂತದ್ದು ಮಾತ್ರ ಇಲ್ಲ. ಹಾಡು ಮೆಚ್ಚಿದರೆ 'ವನ್ಸ್ ಮೋರ್' ಅಂತ ಕೂಗೋದು. ಅವರು ಮತ್ತೆ ಹಾಡಲೇಬೇಕು. ಸತ್ತು ಬಿದ್ದವನು ವನ್ಸ್ ಮೋರ್ ಕೇಳಿ ಎದ್ದು ಕೂತು, ಹಾಡಿ, ಮತ್ತೆ ಸತ್ತ ಅಂತ ಕಂಪನಿಯವರು ತಮಾಷೆ ಮಾಡುತ್ತಿದ್ದರು. ಹಳ್ಳಿ ನಾಟಕದಲ್ಲಾದರೆ ಪಾರ್ಟಿನವರ ಎದೆಗೆ ನೋಟು ಪಿನ್ ಹಾಕೋದು, ಇಂಥವರಿಂದ ಇಷ್ಟು ಕಾಣಿಕೆ ಅಂತ ಮೈಕಿನಲ್ಲಿ ಕೂಗಿಸೋದು. ಅದೂ ಒಂದು ಕಾಟವೇ ಅನ್ನಿ.

ಈಗ ಆ ಕಥೆಗೆ ಬರುತ್ತೇನೆ. ಊರಿನ ಹೆಸರು ಬೇಡ, ನಮ್ಮ ಬೀಗರು ಇದ್ದಾರೆ. ಜಾತ್ರೆ ನಾಟಕ. ಗಂಡಸರ ಪಾರ್ಟೆಲ್ಲ ಊರಿನ ಹುಡುಗರದ್ದೇ. ತಾಯಿ ಪಾರ್ಟಿಗೆ ಮಾತ್ರ ಹೊರಗಿನಿಂದ ಒಬ್ಬ ಹೆಣ್ಣುಮಗಳನ್ನು ಕರೆಸಿದ್ದರು, ಕಂಪನಿಯಲ್ಲಿ ಪಳಗಿದವರು. ಒಂದು ಸಲ ಪುಸ್ತಕ ನೋಡಿದರೆ ಸಾಕು, ಮಾತು ಬಾಯಿಗೆ ಬಂದಿರುತ್ತಿತ್ತು. ಇಡೀ ರಾತ್ರಿ ನಾನು ಅವರಿಗೆ ಒಂದು ಮಾತೂ ಎತ್ತಿಕೊಡಲಿಲ್ಲ.

ಕೊನೇ ಸೀನು. ಬೆಳಗಿನ ಜಾವ. ಜೈಲಿಗೆ ಹೋಗಿದ್ದ ಮಗ ವಾಪಸ್ ಬಂದು ತಾಯಿ ಕಾಲಿಗೆ ಬೀಳುತ್ತಾನೆ. ಆಕೆ ತಕ್ಷಣ ಮಾತಾಡಲ್ಲ. ಮಗನ ತಲೆ ಮೇಲೆ ಕೈ ಇಟ್ಟು ಸುಮ್ನೆ ನಿಲ್ಲುತ್ತಾಳೆ. ಆಮೇಲೆ ಸಾಹುಕಾರನ ಕಡೆ ತಿರುಗಿ ಎರಡು ಪುಟ ಮಾತು. ಇಡೀ ನಾಟಕ ನಿಂತಿರೋದೇ ಆ ಮಾತಿನ ಮೇಲೆ. ಅಲ್ಲಿ ತನಕ ಅತ್ತುಕೊಂಡು ಬಂದ ತಾಯಿ ಆ ಮಾತು ಆಡುವಾಗ ಅಳಲ್ಲ.

ಆಯಮ್ಮ ಸುಮ್ನೆ ನಿಂತರು. ನಾನು ಬ್ಯಾಟರಿ ಕೂಡ ಆರಿಸಿದೆ. ಮರೆತಿಲ್ಲ, ಬೇಕಂತಲೇ ತಡೆ ಹಿಡಿದಿದ್ದಾರೆ ಅಂತ ನನಗೆ ಗೊತ್ತು. ಅಷ್ಟು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಮುಂದೆ ಸೋಫಾ ಹಾಕಿಸಿಕೊಂಡು ಊರಿನ ದೊಡ್ಡ ಮನುಷ್ಯರೊಬ್ಬರು ಕೂತಿದ್ದರು. ಶಾಮಿಯಾನದ ಖರ್ಚು ಅವರದ್ದೇ. ಮುಗಿಯಿತು ಅಂದುಕೊಂಡರೋ ಏನೋ, ಎದ್ದು ನಿಂತು ಎರಡೂ ಕೈ ಮೇಲೆತ್ತಿ ಚಪ್ಪಾಳೆ ಶುರು ಮಾಡಿದರು. ಅವರು ಎದ್ದ ಮೇಲೆ ಪಕ್ಕದವರು ಕೂತಿರುತ್ತಾರಾ? ಊಟದ ಪಂಕ್ತಿಯಲ್ಲಿ ಹಿರಿಯರು ಎದ್ದರೆ ಎಲೆಯಲ್ಲಿ ಅನ್ನ ಇದ್ದರೂ ಎಲ್ಲ ಏಳುವ ಹಾಗೆ, ಸಾಲಿಗೆ ಸಾಲೇ ಎದ್ದಿತು. ಹಿಂದೆ ಚಾಪೆ ಮೇಲೆ ಕೂತಿದ್ದವರಿಗೆ ಬರೀ ಬೆನ್ನು ಕಾಣಿಸಿತು, ಅವರೂ ಎದ್ದರು. ಮಲಗಿದ್ದ ಮಕ್ಕಳು ಎಚ್ಚರಾಗಿ ಅತ್ತವು. ಪಡ್ಡೆ ಹುಡುಗರು ಶಿಳ್ಳೆ ಹಾಕಿದರು. ಪರದೆ ಹಗ್ಗದ ಹತ್ತಿರ ಇದ್ದ ಹುಡುಗ, ಓ ಜನ ಎದ್ದರು ಅಂತ ಹಗ್ಗ ಬಿಟ್ಟೇಬಿಟ್ಟ. ಆಯಮ್ಮನ ಮುಂದೆಯೇ ಪರದೆ ದಪ್ಪಂತ ಬಿತ್ತು.

ಮಗನ ತಲೆ ಮೇಲೆ ಇಟ್ಟ ಕೈ ಹಾಗೇ ಇತ್ತು. ನನ್ನ ಕೈಯಲ್ಲಿ ಎರಡು ಪುಟ ಹಾಗೇ ಇತ್ತು.

ಆ ದೊಡ್ಡ ಮನುಷ್ಯರು ಶಾಲು ಹಿಡಿದುಕೊಂಡು ಒಳಗೆ ಬಂದರು. 'ಏನ್ ಆ್ಯಕ್ಟಿಂಗ್ ರೀ ನಿಮ್ದು' ಅಂದರು. ಕಣ್ಣಲ್ಲಿ ನೀರೂ ಇತ್ತು, ಸುಳ್ಳಲ್ಲ. ಅದೇ ನೋಡಿ ಕಷ್ಟ. ಬೈಯೋಣ ಅಂದರೆ ಮನುಷ್ಯ ಮೆಚ್ಚಿಯೇ ಎದ್ದದ್ದು. ಆಯಮ್ಮ ಕೈ ಮುಗಿದು ಶಾಲು ತಗೊಂಡರು. ಅವರು ಆ ಕಡೆ ಹೋದ ಮೇಲೆ ನನಗೆ, 'ಮಾಸ್ಟ್ರೇ, ಇನ್ನೊಂದ್ಸಲ ಪರದೆ ಎತ್ತಿಸ್ತೀರಾ?' ಅಂತ ಕೇಳಿದರು. ನಾನು ಹೊರಗೆ ಹೋಗಿ ನೋಡಿದೆ. ಜನ ಚಾಪೆ ಸುತ್ತುತ್ತಿದ್ದರು, ಟ್ರ್ಯಾಕ್ಟರ್ ಸ್ಟಾರ್ಟ್ ಆಗಿತ್ತು. ವಾಪಸ್ ಬರುವಷ್ಟರಲ್ಲಿ ಆಯಮ್ಮ ಟ್ರಂಕಿನ ಮೇಲೆ ಕೂತು ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸುತ್ತಿದ್ದರು. ಒಂದು ಕೆನ್ನೆ ತಾಯಿಯದ್ದು, ಒಂದು ಕೆನ್ನೆ ಅವರದ್ದು. ಪರದೆ ಮಾತು ಮತ್ತೆ ಎತ್ತಲಿಲ್ಲ. ದಾವಣಗೆರೆಗೆ ಮೊದಲ ಬಸ್ಸು ಎಷ್ಟೊತ್ತಿಗೆ ಅಂತ ಮಾತ್ರ ಕೇಳಿದರು.

ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಮೊದಲು ನೀವು ಏಳಬೇಡಿ. ಈಗಿನ ನಾಟಕದಲ್ಲಿ ಎಷ್ಟೋ ಕಡೆ ಪರದೆಯೇ ಇರಲ್ಲ. ಲೈಟ್ ಆರುತ್ತೆ, ಮುಗಿಯಿತು ಅನಿಸುತ್ತೆ, ಮತ್ತೆ ಹತ್ತಿಕೊಳ್ಳುತ್ತೆ. ಕತ್ತಲೆ ಆಯಿತು ಅಂತ ಮುಂದಿನ ಸಾಲಿನವರು ದಡಬಡ ಎದ್ದರೆ ಹಿಂದಿನವರಿಗೆ ಏನು ಕಾಣಬೇಕು? ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೆ ನವೆಂಬರ್ ನಾಟಕೋತ್ಸವಕ್ಕೆ ಹೋಗಿದ್ದೀರಲ್ಲ, ಅಲ್ಲಿ ಬಯಲು ರಂಗಮಂದಿರ, ಮೆಟ್ಟಿಲು ಮೆಟ್ಟಿಲು. ಮುಂದಿನವನು ಎದ್ದರೂ ಹಿಂದಿನವನಿಗೆ ಅಷ್ಟು ಅಡ್ಡ ಬರಲ್ಲ. ನಮ್ಮ ಊರಿನ ನಾಟಕದ ಹಾಲ್‌ಗಳೆಲ್ಲ ಹಾಗೆ ಇಲ್ಲ. ಸಾಣೇಹಳ್ಳಿ ಜನರನ್ನು ನೋಡಿದರೆ ಖುಷಿಯಾಗುತ್ತೆ ನನಗೆ. 1997ರಿಂದ ಅಲ್ಲಿನದೇ ನಾಟಕ ತಂಡ ಶಿವಸಂಚಾರದ ನಾಟಕ ನೋಡಿ ನೋಡಿ ಪಳಗಿದ್ದಾರೆ. ಹೊಲದಿಂದ ಬಂದವರು, ಆ ಚಳಿಯಲ್ಲಿ ಕಂಬಳಿ ಹೊದ್ದು ಕೂತಿರುತ್ತಾರೆ. ಎಲ್ಲಿ ಚಪ್ಪಾಳೆ, ಎಲ್ಲಿ ಸುಮ್ನಿರಬೇಕು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ನ್ಯೂಜೆರ್ಸಿ ಹುಡುಗ ಹೇಳುತ್ತಿದ್ದ, ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಈಗ ನಾಟಕ ಹೇಗಿದ್ದರೂ ಕೊನೆಗೆ ಎಲ್ಲ ಏಳುತ್ತಾರಂತೆ. ಕೂತಿದ್ದವನೇ ಕೋಪ ಮಾಡಿಕೊಂಡವನ ಹಾಗೆ ಕಾಣುತ್ತಾನಂತೆ. ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಂತೂ ಎಷ್ಟು ನಿಮಿಷ ನಿಂತು ಚಪ್ಪಾಳೆ ಹೊಡೆದರು ಅಂತ ಪೇಪರಿನವರು ಲೆಕ್ಕ ಬರೆಯುತ್ತಾರೆ. 2006ರಲ್ಲಿ ಒಂದು ಸಿನಿಮಾಕ್ಕೆ 22 ನಿಮಿಷ ಅಂತ ವರದಿ ಆಗಿತ್ತು. ನನ್ನ ಮಂಡಿಗೆ ಅದು ಆಗದ ಮಾತು. ಎಲ್ಲದಕ್ಕೂ ಎದ್ದು ನಿಂತರೆ ನಿಜವಾಗಿ ಮೈ ಜುಮ್ಮೆಂದ ದಿನ ಏನು ಮಾಡುತ್ತೀರಿ? ಕುರ್ಚಿ ಹತ್ತುತ್ತೀರಾ?

ಇಲ್ಲೂ ಅದೇ ಆಗಿದೆ. ಎದ್ದು ಚಪ್ಪಾಳೆ ಹೊಡೆಯೋಕೆ ಎಲ್ಲರೂ ತಯಾರು. ಟಿಕೆಟ್ ತಗೊಳ್ಳೋಕೆ ಮಾತ್ರ ಯಾರೂ ಇಲ್ಲ. 'ಪಾಸ್ ಇದೆಯಾ ದೊಡ್ಡಪ್ಪ?' ಸಿನಿಮಾಕ್ಕೆ ಪಾಪ್‌ಕಾರ್ನ್ ಸಮೇತ ದುಡ್ಡು ಸುರಿಯುತ್ತೀರಿ, ನಾಟಕಕ್ಕೆ ಪಾಸು! ನಾಟಕದ ಮೇಲೆ ನಮ್ಮ ಮನೆಯವರಿಗೆ ಎಷ್ಟು ಪ್ರೀತಿ ಅಂತ ಆ ಪರದೆಗಳ ಕಥೆಯಲ್ಲೇ ಗೊತ್ತಾಯಿತಲ್ಲ. ಅಜ್ಜ ಎತ್ತು ಮಾರಿ ಬರೆಸಿದ ಪರದೆಗಳು. ದರ್ಬಾರು, ಬೀದಿ, ಕಾಡು. ಹಳೇ ಮನೆ ಅಟ್ಟದಲ್ಲಿ ಇದ್ದವು. ಪಾಲು ಆದಾಗ ಮರದ ಕೊಡತಿಗೂ ಲೆಕ್ಕ ಹಾಕಿದಿರಿ, ಪರದೆ ಯಾರಿಗೆ ಅಂತ ಒಬ್ಬರೂ ಕೇಳಲಿಲ್ಲ, ನನಗೂ ಹೇಳಲಿಲ್ಲ. ಆಮೇಲೆ ಒಬ್ಬರು, ಹೆಸರು ಹೇಳಲ್ಲ, ಈ ಗ್ರೂಪಿನಲ್ಲೇ ಇದ್ದಾರೆ, ದರ್ಬಾರು ಪರದೆಯನ್ನು ಕಣದಲ್ಲಿ ಮೆಕ್ಕೆಜೋಳದ ರಾಶಿಗೆ ಹೊದಿಸಿದರು. ಮಳೆ ಬಂತು. ಸಿಂಹಾಸನದ ಕೆಂಪು ಬಣ್ಣವೆಲ್ಲ ಇಳಿದು ಕಾಳಿಗೆ ಹತ್ತಿತು. ಮಂಡಿಯಲ್ಲಿ ರೇಟು ಕಮ್ಮಿ ಮಾಡಿದರು. ಆಗ ಬಂತು ನನಗೆ ಫೋನು, 'ಅಣ್ಣಾ, ಈ ಬಣ್ಣ ಹೋಗೋಕೆ ಏನು ಮಾಡಬೇಕು?' ಏನು ಮಾಡಬೇಕು ಅಂತ ಹೇಳಲಿ? ಕಾಡಿನ ಪರದೆ ಎಲ್ಲಿ ಹೋಯಿತು ಅಂತ ಇವತ್ತಿಗೂ ಯಾರೂ ಬಾಯಿ ಬಿಟ್ಟಿಲ್ಲ. ಬಿಡಿ, ಈಗ ಆ ಮಾತು ಎತ್ತಿದರೆ ಇನ್ನಿಬ್ಬರು ಗ್ರೂಪ್ ಬಿಟ್ಟು ಹೋಗುತ್ತಾರೆ.

ಹಾಂ, ನೀನು ಕೇಳಿದ್ದು ಭಾನುವಾರದ್ದಲ್ವಾ.

ಕೇಳು ಮಗಳೇ. ನಾಟಕ ಮುಗಿದ ಮೇಲೆ ಪಾರ್ಟಿನವರೆಲ್ಲ ಬಂದು ಸಾಲಾಗಿ ನಿಲ್ಲುತ್ತಾರೆ. ಕೂತೇ ಚಪ್ಪಾಳೆ ಹೊಡೆಯಿರಿ, ಜೋರಾಗಿ. ಆಮೇಲೆ ಒಬ್ಬರು ಎಲ್ಲರ ಹೆಸರು ಹೇಳಿ ಪರಿಚಯ ಮಾಡಿಕೊಡುತ್ತಾರೆ. ಪುಟ್ಟಿ ಹೆಸರು ಬಂದ ಕೂಡಲೇ ನಮ್ಮ ಸಾಲೊಂದೇ ಎದ್ದು ಕೂಗಾಡಬೇಡಿ. ಮಗುವಿಗೆ ನಾಚಿಕೆ, ಉಳಿದ ಹುಡುಗರಿಗೆ ಬೇಜಾರು. ಪಾರ್ಟಿನವರ ಹೆಸರು ಮುಗಿದ ಮೇಲೆ ಲೈಟಿನವರು, ಮ್ಯೂಸಿಕ್ಕಿನವರು, ಮೇಕಪ್ಪಿನವರು ಬರುತ್ತಾರೆ. ಅರ್ಧ ಹಾಲ್ ಖಾಲಿ ಆಗೋದು ಆಗಲೇ. ಸ್ಕೂಟರ್ ತೆಗೆಯೋ ಅವಸರ. ನೀವು ಕದಲಬೇಡಿ. ಕೊನೆಗೆ ಎಲ್ಲರೂ ಒಟ್ಟಿಗೆ ನಮಸ್ಕಾರ ಮಾಡುತ್ತಾರಲ್ಲ, ಏಳುವುದಾದರೆ ಆಗ ಏಳಿ. ಅದೂ ನಾಟಕ ಮನಸ್ಸಿಗೆ ಹಿಡಿಸಿದ್ದರೆ. ಮೊಮ್ಮಗಳು ಅಂತ ಅಲ್ಲ. ಹಿಂದಿನ ಸಾಲಿನಿಂದ ಯಾರಾದರೂ ಎದ್ದರೆ ಸೇರಿಕೊಳ್ಳಿ. ಯಾರೂ ಏಳದಿದ್ದರೆ ಕೂತೇ ಇರಿ, ಏನೂ ಮುಳುಗಿ ಹೋಗಲ್ಲ. ಪುಟ್ಟಿಗೆ ನೀನು ಇವತ್ತೇ ಹೇಳಿಡು, ಜನ ಎದ್ದರಾ ಇಲ್ಲವಾ ಅಂತ ಎಣಿಸಬೇಡ, ನಿನ್ನ ಮಾತು ಕಡೇ ಸಾಲಿಗೆ ಕೇಳಿಸಿತಾ ಅಂತ ನೋಡಿಕೋ ಅಂತ. ಹೊಳಲ್ಕೆರೆ ಅತ್ತೆಗೆ ಮಂಡಿ ನೋವು, ಅವರು ಏನೇ ಆದರೂ ಏಳೋದು ಬೇಡ.

ಆರೂವರೆ ಅಂತ ಹಾಕಿದ್ದಾರೆ. ಆರಕ್ಕೇ ಬನ್ನಿ. ಮೂರನೇ ಬೆಲ್ ಆದ ಮೇಲೆ ಕತ್ತಲಲ್ಲಿ ಕಾಲು ತುಳಿದುಕೊಂಡು ಬರಬೇಡಿ. ನಾಟಕಕ್ಕೆ ಮುಂಚೆ ಗ್ರೀನ್ ರೂಮಿಗೆ ಹೋಗಿ ಮಗುವಿಗೆ ಲಾಡು ತಿನ್ನಿಸೋಕೆ ಹೋಗಬೇಡಿ. ಹಾರ ಶಾಲು ಏನಿದ್ದರೂ ಮನೆಯಲ್ಲಿ. ಪಾಸ್ ಇಲ್ಲ, ನಾನು ಕೇಳೋದೂ ಇಲ್ಲ. ಎಷ್ಟು ಜನ ಬರುತ್ತೀರಿ ಅಂತ ರಾತ್ರಿಯೊಳಗೆ ಇಲ್ಲೇ ಹಾಕಿ, ಎಲ್ಲರ ಟಿಕೆಟ್ ನಾಳೆ ಒಟ್ಟಿಗೆ ತಗೊಂಡು ಬರುತ್ತೇನೆ. ದುಡ್ಡು ಆಮೇಲೆ ಕೊಡಿ, ಆದರೆ ಕೊಡಿ.