ಜಾಸ್ತಿ ಪ್ರೆಷರ್‌ನಲ್ಲಿ ಗಪ್‌ಚುಪ್, ಕಡಿಮೆ ಪ್ರೆಷರ್‌ನಲ್ಲಿ ತೊಟ್ಟು ತೊಟ್ಟು: ಬಾಲ್ ವಾಲ್ವ್ ಪ್ರಶ್ನೋತ್ತರ

ಪ್ರಶ್ನೆ (ಅಪಾರ್ಟ್‌ಮೆಂಟ್ ನಿರ್ವಹಣೆ, ಬೆಂಗಳೂರು):
ಸರ್, ಒಂದೇ ಕಂಪನಿಯ ಎರಡು ಇಂಚಿನ ಬಾಲ್ ವಾಲ್ವ್ ಎರಡಿವೆ. ಪ್ರೆಷರ್ ಪಂಪ್ ಲೈನಿನಲ್ಲಿ 4 ಕೆಜಿ ಪ್ರೆಷರ್ (ಚದರ ಸೆಂ.ಮೀ.ಗೆ 4 ಕೆಜಿ) ಇದ್ದರೂ ಮುಚ್ಚಿದರೆ ಒಂದು ಹನಿ ಇಲ್ಲ. ಓವರ್‌ಹೆಡ್ ಟ್ಯಾಂಕಿನ 6 ಮೀಟರ್ ಕೆಳಗಿರುವುದು ಮಾತ್ರ ಮುಚ್ಚಿದರೂ ತೊಟ್ಟಿಕ್ಕುತ್ತೆ. ಪ್ರೆಷರ್ ಜಾಸ್ತಿ ಇರೋ ಕಡೆ ತಾನೇ ಸೋರಬೇಕು? ಪ್ಲಂಬರ್ ಗ್ಲ್ಯಾಂಡ್ ನಟ್ ಬಿಗಿ ಮಾಡಿದರು. ಹ್ಯಾಂಡಲ್ ಗಟ್ಟಿಯಾಯ್ತು, ಸೋರಿಕೆ ಹಾಗೇ ಇದೆ.

ಉತ್ತರ:
ಗೇಟ್ ವಾಲ್ವ್‌ನಲ್ಲಾದರೆ ಚಕ್ರ ತಿರುಗಿಸಿ ನಾವೇ ಅದುಮಬಹುದು. ನಿಮ್ಮ ವಾಲ್ವ್‌ನಲ್ಲಿ ಹ್ಯಾಂಡಲ್‌ಗೆ ಆ ಕೆಲಸವೇ ಇಲ್ಲ, ಅದು ಒಳಗಿನ ತೂತುಳ್ಳ ಗುಂಡನ್ನು (ಬಾಲ್) ಕಾಲು ಸುತ್ತು ತಿರುಗಿಸುತ್ತೆ, ಅಷ್ಟೆ. ಅದುಮುವುದು ನೀರು.

ಗುಂಡು ಸ್ಪಿಂಡಲ್‌ಗೆ (ಹ್ಯಾಂಡಲ್‌ನಿಂದ ಇಳಿಯುವ ಕಡ್ಡಿ) ಬಿಗಿಯಾಗಿ ಸೇರಿಕೊಂಡಿರುವುದಿಲ್ಲ. ಸ್ಪಿಂಡಲ್‌ನ ಚಪ್ಪಟೆ ತುದಿ ಗುಂಡಿನ ಮೇಲಿನ ಕಚ್ಚಿನಲ್ಲಿ ಸಡಿಲವಾಗಿ ಕೂತಿರುತ್ತೆ. ವಾಲ್ವ್ ಮುಚ್ಚಿದಾಗ ಆ ಕಚ್ಚು ಪೈಪಿನ ಉದ್ದಕ್ಕೆ ಬರುವುದರಿಂದ ಗುಂಡು ಒಂದು ಕೂದಲೆಳೆಯಷ್ಟು ಮುಂದೆ ಸರಿಯಬಹುದು. ಹಿಂದಿನ ನೀರು ತಳ್ಳುತ್ತೆ, ಗುಂಡು ಮುಂದಿನ ಟೆಫ್ಲಾನ್ ಸೀಟಿಗೆ (ಗುಂಡು ಕೂರುವ ಬಳೆಗೆ) ಒತ್ತಿಕೊಳ್ಳುತ್ತೆ. ನೀರು ಬರುವ ಕಡೆಯ ಸೀಟನ್ನು ದಾಟಿ ನೀರು ಒಳಗೆ ತುಂಬಿಕೊಂಡರೂ ಪರವಾಗಿಲ್ಲ, ಸಾಮಾನ್ಯವಾಗಿ ತಡೆಯುವುದು ಆಚೆ ಕಡೆಯದು.

ಲೆಕ್ಕ ಹಾಕಿ ನೋಡಿ. ಎರಡು ಇಂಚಿನ ಫುಲ್ ಬೋರ್ (ಗುಂಡಿನ ತೂತು ಪೈಪಿನಷ್ಟೇ ಅಗಲ ಇರುವ) ವಾಲ್ವ್‌ನಲ್ಲಿ ಗುಂಡು ಸೀಟಿಗೆ ತಾಗುವ ವೃತ್ತದ ವ್ಯಾಸ ಸುಮಾರು 58 ಮಿ.ಮೀ. ಅಂದುಕೊಂಡರೆ ವಿಸ್ತೀರ್ಣ 26 ಚದರ ಸೆಂ.ಮೀ. ಆಯ್ತು. 4 ಕೆಜಿ ಪ್ರೆಷರ್ ಅಂದರೆ ಗುಂಡಿನ ಬೆನ್ನಿಗೆ ನೂರು ಕೆಜಿಗೂ ಮೇಲೆ ಭಾರ, ಅಂದರೆ ಎರಡು ಮೂಟೆ ಸಿಮೆಂಟ್. 6 ಮೀಟರ್ ನೀರು ಅಂದರೆ 0.6 ಕೆಜಿ ಪ್ರೆಷರ್, ಭಾರ ಬರೀ 16 ಕೆಜಿ. ಗುಂಡಿನ ಮೇಲೆ ಸಣ್ಣ ಗೀರಿದ್ದರೆ ಟೆಫ್ಲಾನ್ ಮೆತ್ತಗೆ ಬಾಗಿ ಆ ಗೀರನ್ನು ತುಂಬಬೇಕು. ಎರಡು ಮೂಟೆ ಭಾರಕ್ಕೆ ತುಂಬುತ್ತೆ, 16 ಕೆಜಿಗೆ ತುಂಬುವುದಿಲ್ಲ.

ಹಾಗಾದರೆ ಹೊಸ ವಾಲ್ವ್ ಕಡಿಮೆ ಪ್ರೆಷರ್‌ನಲ್ಲೂ ಹೇಗೆ ತಡೆಯುತ್ತೆ? ಜೋಡಿಸುವಾಗಲೇ ಎರಡೂ ಸೀಟುಗಳನ್ನು ಗುಂಡಿಗೆ ಸ್ವಲ್ಪ ಅದುಮಿ ಕೂರಿಸಿರುತ್ತಾರೆ. ಹೊಸದರ ಹ್ಯಾಂಡಲ್ ಬಿಗಿ ಇರುವುದು ಅದಕ್ಕೇ. ಸೀಟು ಸವೆದು ಆ ಅದುಮು ಹೋದ ಮೇಲೆ ಮೊದಲು ಗೊತ್ತಾಗುವುದು ಟ್ಯಾಂಕ್ ಲೈನಿನಲ್ಲೇ. ನಿಮ್ಮ ಪಂಪ್ ಲೈನಿನ ವಾಲ್ವ್ ಕೂಡ ಅಷ್ಟೇ ಸವೆದಿರಬಹುದು, ಪ್ರೆಷರ್ ಅದನ್ನು ಮುಚ್ಚಿಟ್ಟಿದೆ.

ಗ್ಲ್ಯಾಂಡ್ ನಟ್ ಸ್ಪಿಂಡಲ್ ಸುತ್ತ ಹೊರಗೆ ಸೋರುವುದನ್ನು ತಡೆಯಲು. ಅದಕ್ಕೂ ಸೀಟಿಗೂ ಸಂಬಂಧವಿಲ್ಲ. ಅದನ್ನು ಮೊದಲಿನಷ್ಟಕ್ಕೆ ಸಡಿಲಿಸಿ.

ಪ್ರಶ್ನೆ (ಅವರೇ):
ಈಗ ವಾಲ್ವ್ ಬದಲಾಯಿಸಲೇಬೇಕಾ?

ಉತ್ತರ:
ಈಗಲೇ ಬೇಡ. ಮೊದಲು ಹ್ಯಾಂಡಲ್ ಸ್ಟಾಪರ್‌ಗೆ ಪೂರ್ತಿ ತಾಗುತ್ತಿದೆಯಾ ನೋಡಿ. ಸಿಮೆಂಟ್, ಪೇಂಟ್ ಮೆತ್ತಿ ಒಂದಿಷ್ಟು ಮೊದಲೇ ನಿಂತಿದ್ದರೆ ಯಾವ ಸೀಟಿದ್ದರೂ ಸೋರುತ್ತೆ. ಆಮೇಲೆ ನೀರು ಹರಿಯುತ್ತಿರುವಾಗಲೇ ಐದಾರು ಸಲ ತೆಗೆದು ಮುಚ್ಚಿ. ಬೋರ್‌ವೆಲ್ ಮರಳಿನ ಕಣ ಸೀಟಿನ ಅಂಚಿನಲ್ಲಿ ಕೂತಿದ್ದರೆ ಕೊಚ್ಚಿಕೊಂಡು ಹೋಗುತ್ತೆ.

ಅದಕ್ಕೂ ಜಗ್ಗದಿದ್ದರೆ, ಯೂನಿಯನ್ ಅಥವಾ ಫ್ಲ್ಯಾಂಜ್ (ಬಿಚ್ಚಬಹುದಾದ ಜೋಡಣೆ) ಇದ್ದರೆ, ಟ್ಯಾಂಕ್ ಲೈನ್ ಖಾಲಿ ಮಾಡಿ ವಾಲ್ವ್ ಬಿಚ್ಚಿ ಹಿಂದುಮುಂದಾಗಿ ಹಾಕಿ. ಇಷ್ಟು ದಿನ ಹೆಚ್ಚು ಕೆಲಸ ಮಾಡದ ಸೀಟು ಈಗ ಆಚೆ ಕಡೆಗೆ ಬರುತ್ತೆ. ಬಾಡಿ ಮೇಲೆ ಬಾಣದ ಗುರುತಿದ್ದರೆ ಮಾತ್ರ ಇದನ್ನು ಮಾಡಬೇಡಿ. ಬಿಚ್ಚಿದಾಗ ಗುಂಡಿನ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರಿದ್ದರೆ ಹೊಸ ಸೀಟು ಹಾಕಿದರೂ ದುಡ್ಡು ದಂಡ, ಗುಂಡನ್ನೂ ಬದಲಿಸಬೇಕು. ಬಿಳಿ ಉಪ್ಪು ಕಟ್ಟಿದ್ದರೆ ವಿನಿಗರ್‌ನಲ್ಲಿ ನೆನೆಸಿ ಬಟ್ಟೆಯಿಂದ ಒರೆಸಿ. ಎಮರಿ ಪೇಪರ್ ಮುಟ್ಟಿಸಬೇಡಿ.

ಪಿವಿಸಿ ಯೂನಿಯನ್ ವಾಲ್ವ್ ಆದರೆ ಇನ್ನೂ ಸುಲಭ. ಬಹಳಷ್ಟು ಮಾಡೆಲ್‌ಗಳಲ್ಲಿ ಒಂದು ಕಡೆಯ ಸೀಟ್ ಹೋಲ್ಡರ್‌ಗೆ ಥ್ರೆಡ್ ಇರುತ್ತೆ, ಹ್ಯಾಂಡಲನ್ನೇ ಕಿತ್ತು ಅದರ ಹಲ್ಲಿನಿಂದ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬಹುದು. ಗುಂಡು ಕೈಗೆ ತಿರುಗುವಷ್ಟು ಸಡಿಲ ಉಳಿಯಲಿ.

ಪ್ರಶ್ನೆ (ತೋಟಗಾರಿಕೆ, ಕೋಲಾರ):
ಡ್ರಿಪ್‌ಗೆ ನೀರು ಕಡಿಮೆ ಬಿಡಲು ಬಾಲ್ ವಾಲ್ವ್ ಅರ್ಧ ತೆರೆದಿಡುತ್ತೇವೆ. ತಪ್ಪಾ?

ಉತ್ತರ:
ತಪ್ಪು. ಅರ್ಧ ತೆರೆದಾಗ ಸಂದಿಯಲ್ಲಿ ನೀರು ಜೋರಾಗಿ ನುಗ್ಗುತ್ತೆ, ಅದರ ಜೊತೆ ಬಂದ ಮರಳು ಸೀಟಿನ ಒಂದೇ ಜಾಗವನ್ನು ಕೊರೆಯುತ್ತೆ. ಆಧಾರವಿಲ್ಲದ ಟೆಫ್ಲಾನ್ ಅಂಚು ಬೋರಿನೊಳಕ್ಕೆ ಬಾಗಿಬಿಡುತ್ತೆ. ಹದ ಮಾಡಲು ಗ್ಲೋಬ್ ವಾಲ್ವ್ ಅಥವಾ ಪ್ರೆಷರ್ ರೆಗ್ಯುಲೇಟರ್ ಹಾಕಿ.

ಪ್ರಶ್ನೆ (ಬಾಯ್ಲರ್ ವಿಭಾಗ):
10 ಕೆಜಿ ಸ್ಟೀಮ್ ಲೈನ್. ಬಿಸಿಯಿದ್ದಾಗ ವಾಲ್ವ್ ಸರಿ ಇರುತ್ತೆ, ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಪಾಸ್ ಆಗುತ್ತೆ (ಮುಚ್ಚಿದರೂ ಸ್ಟೀಮ್ ದಾಟುತ್ತೆ).

ಉತ್ತರ:
10 ಕೆಜಿ ಸ್ಟೀಮ್ ಸುಮಾರು 184 ಡಿಗ್ರಿ ಸೆಲ್ಸಿಯಸ್, ಸಾದಾ ಟೆಫ್ಲಾನ್‌ಗೆ ಅದು ಹೆಚ್ಚುಕಡಿಮೆ ಕೊನೆಯ ಮೆಟ್ಟಿಲು. ಉಕ್ಕಿನ ಸುಮಾರು ಹತ್ತು ಪಟ್ಟು ಟೆಫ್ಲಾನ್ ಹಿಗ್ಗುತ್ತೆ. ಬಿಸಿಯಾದಾಗ ಹಿಗ್ಗಲು ಜಾಗವಿಲ್ಲದೆ ಮೆತ್ತಗಾಗಿ ಪಕ್ಕಕ್ಕೆ ಜರುಗಿಬಿಡುತ್ತೆ. ರಾತ್ರಿ ತಣ್ಣಗಾಗಿ ಕುಗ್ಗಿದಾಗ ಜರುಗಿ ಹೋದದ್ದು ವಾಪಸ್ ಬರುವುದಿಲ್ಲ, ಗುಂಡಿಗೂ ಸೀಟಿಗೂ ನಡುವೆ ಸಂದಿ ಬೀಳುತ್ತೆ. ಬೆಳಿಗ್ಗೆ ಪ್ರೆಷರ್ ಕೂಡ ಏರಿರುವುದಿಲ್ಲವಲ್ಲ, ಹಾಗಾಗಿ ಗುಂಡನ್ನು ತಳ್ಳುವವರೂ ಇಲ್ಲ. ಪೀಕ್ (ಬಿಸಿ ತಾಳುವ ಗಟ್ಟಿ ಪ್ಲಾಸ್ಟಿಕ್) ಅಥವಾ ಮೆಟಲ್ ಸೀಟ್, ಸ್ಟೀಮ್‌ಗೆಂದೇ ರೇಟ್ ಆದದ್ದು ಕೇಳಿ.

ಇನ್ನೊಂದು ಮಾತು: ಮುಚ್ಚಿದ ಗುಂಡಿನೊಳಗೆ ಉಳಿದ ನೀರು ಬಿಸಿಯಾದರೆ ಪ್ರೆಷರ್ ವಿಪರೀತ ಏರಿ ಸೀಟನ್ನು ಕಿತ್ತುಹಾಕಬಹುದು. ಅದಕ್ಕೇ ಕೆಲವು ಗುಂಡುಗಳಲ್ಲಿ ಸ್ಟೀಮ್ ಬರುವ ಕಡೆಗೆ ಸಣ್ಣ ತೂತು ಕೊರೆದಿರುತ್ತಾರೆ. ಅಂಥದ್ದನ್ನು ತಿರುಗಿಸಿ ಹಾಕಿದರೆ ಕೆಲಸ ಕೆಟ್ಟಂತೆಯೇ. ಬಾಡಿ ಮೇಲಿನ ಬಾಣ ಅದರ ಗುರುತು.

ಪ್ರಶ್ನೆ (ಡಿಪ್ಲೊಮಾ ವಿದ್ಯಾರ್ಥಿ):
ಪ್ರೆಷರ್ ಏರಿದಷ್ಟೂ ಒಳ್ಳೆಯದಾದರೆ ದೊಡ್ಡ ಗ್ಯಾಸ್ ಲೈನ್‌ಗೂ ಇದೇ ಹಾಕಬಹುದಲ್ವಾ ಸರ್?

ಉತ್ತರ:
12 ಇಂಚಿನ ವಾಲ್ವ್, 70 ಬಾರ್ (1 ಬಾರ್ ಅಂದರೆ ಸುಮಾರು 1 ಕೆಜಿ ಪ್ರೆಷರ್) ಇಟ್ಟು ನೀವೇ ಲೆಕ್ಕ ಹಾಕಿ. 60 ಟನ್ ಹತ್ತಿರ ಬರುತ್ತೆ. ಟೆಫ್ಲಾನ್ ಜಜ್ಜಿಹೋಗುತ್ತೆ, ಗುಂಡು ತಿರುಗುವುದೂ ಇಲ್ಲ. ಅಲ್ಲಿ ಟ್ರನಿಯನ್ ವಾಲ್ವ್ ಬೇಕು. ಗುಂಡನ್ನು ಮೇಲೂ ಕೆಳಗೂ ಬೇರಿಂಗ್‌ನಲ್ಲಿ ಕಟ್ಟಿಹಾಕಿ, ಸೀಟನ್ನು ಸ್ಪ್ರಿಂಗ್ ಮೇಲೆ ಬಿಟ್ಟಿರುತ್ತಾರೆ. ಗ್ಯಾಸ್ ಬರುವ ಕಡೆಯ ಸೀಟ್ ರಿಂಗಿನ ಬೆನ್ನಿಗೆ ಪ್ರೆಷರ್ ಬಿದ್ದು ಅದೇ ಗುಂಡಿಗೆ ಒತ್ತಿಕೊಳ್ಳುತ್ತೆ. ಇಲ್ಲಿ ಮುಖ್ಯವಾಗಿ ತಡೆಯುವುದು ಮುಂದಿನದಲ್ಲ, ಹಿಂದಿನ ಸೀಟು. ಒತ್ತುವ ಭಾರವೂ ಇಡೀ ಗುಂಡಿನದಲ್ಲ, ರಿಂಗಿನ ಹಿಂದಿನ ಸಣ್ಣ ಪಟ್ಟಿಯದು ಮಾತ್ರ. ಪ್ರೆಷರ್ ಇಲ್ಲದಾಗ ಸ್ಪ್ರಿಂಗ್ ನೋಡಿಕೊಳ್ಳುತ್ತೆ.

ಪ್ರಶ್ನೆ (ಅವರೇ):
ಟೆಸ್ಟ್ ಹೇಗೆ?

ಉತ್ತರ:
ನೀರಿನ ಹೈ ಪ್ರೆಷರ್ ಟೆಸ್ಟ್ ಪಾಸಾಯ್ತು ಅಂತ ನಂಬಬೇಡಿ, ಯಾಕೆ ಅಂತ ಮೇಲೇ ಇದೆ. ವಾಲ್ವ್ ಪರೀಕ್ಷೆಯ ಮಾನದಂಡವಾದ ಎಪಿಐ 598 ಪ್ರಕಾರ 4ರಿಂದ 7 ಬಾರ್ ಗಾಳಿ ಕೊಟ್ಟು, ಎರಡು ಇಂಚಿನವರೆಗಿನದಕ್ಕೆ 15 ಸೆಕೆಂಡ್ ನೋಡಬೇಕು. ಸಾಫ್ಟ್ ಸೀಟಾದರೆ ಒಂದು ಗುಳ್ಳೆಯೂ ಬರಬಾರದು. ಎರಡೂ ಕಡೆಯಿಂದ ಮಾಡಿ, ತೆರೆದ ಬಾಯಿಯ ಎದುರು ಮುಖ ಇಡಬೇಡಿ.